ಚಗಳಿ ಕಚ್ಚಿದ ಕಥೆ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಊರೂರು ಸುತ್ತಿದ ಅನುಭವ ಇರುತ್ತದೆ, ಊರೂರಿನಲ್ಲೂ ಒಂದೊಂದು ಬೀಳ್ಕೊಡುಗೆ ಸಮಾರಂಭ ಆಗಿರುತ್ತದೆ. ಆ ಸಮಾರಂಭಗಳಲ್ಲಿ ಬಿಸಿಬೇಳೆಭಾತು, ಬೋಂಡಾ ಮುಗಿದ ಮೇಲೆ ಯಾರಾದರೊಬ್ಬರು, 'ನಿಮ್ಮದು ಯಾವ ಊರು ಸಾರ್?' ಎಂದು ಕೇಳುತ್ತಿದ್ದರು. ಶಿರಸಿಯ ಕಡೆ ಎಂದರೆ ಸಾಕು, 'ಓ, ಅಪ್ಪಿಕೋ ಚಳವಳಿ!' ಎನ್ನುವವರು ಒಬ್ಬರಾದರೂ ಇರುತ್ತಿದ್ದರು. ಆಗ ನಾನು ನನ್ನ ಕಥೆಯನ್ನು ಹೊರತೆಗೆಯುತ್ತಿದ್ದೆ.

ಕಥೆ ಇಷ್ಟೇ. 1983ರ ಮಳೆಗಾಲದ ಕೊನೆಗೆ ಕಳಸೆ ಕಾಡಿನಲ್ಲಿ ಒಂದು ದೊಡ್ಡ ಕಾಡುಮಾವಿನ ಮರವನ್ನು ನಾನು ಅಪ್ಪಿಕೊಂಡು ನಿಂತಿದ್ದೆ. ಎದುರಿಗೆ ಕೊಡಲಿ ಹಿಡಿದ ಇಬ್ಬರು ಕೂಲಿಯವರು. ಆಗ ನನಗೆ ಹತ್ತೊಂಬತ್ತು ವರ್ಷ, ಮೈಯಲ್ಲಿ ಬಿಸಿರಕ್ತ. ಆದರೆ ಆ ಮರದಲ್ಲಿ ಚಗಳಿ ಗೂಡು ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಕೆಂಪಿರುವೆಯ ಪರಿಚಯ ಇಲ್ಲದವರಿಗೆ ಹೇಳುತ್ತೇನೆ: ಚಗಳಿ ಕಚ್ಚಿದರೆ ಮೈಗೆ ಮೆಣಸಿನಪುಡಿ ಸವರಿದಂತೆ. ಅಂಗಿಯ ಕಾಲರಿನಿಂದ ಒಂದು ಸಾಲು, ತೋಳಿನಿಂದ ಇನ್ನೊಂದು ಸಾಲು ಒಳಗೆ ಇಳಿಯಿತು. ಬಿಟ್ಟರೆ ಮರ ಹೋಗುತ್ತದೆ, ಬಿಡದಿದ್ದರೆ ನಾನು ಹೋಗುತ್ತೇನೆ. ಹಾಗಾಗಿ ಮರವನ್ನು ಹಿಡಿದುಕೊಂಡೇ ಕುಣಿಯತೊಡಗಿದೆ. ಕೊಡಲಿ ಹಿಡಿದವರು ನಗು ತಡೆಯಲಾರದೆ ಕುಳಿತೇಬಿಟ್ಟರು. ಆಮೇಲೆ ಅವರಲ್ಲೇ ಒಬ್ಬ ತನ್ನ ಕವಳದ ಸಂಚಿಯಿಂದ ಸುಣ್ಣ ತೆಗೆದು ನನ್ನ ಕುತ್ತಿಗೆಗೆ ಹಚ್ಚಿದ. 'ಹೀಗೆ 38 ದಿನ ಕಾಡು ಕಾದೆವು ನೋಡಿ' ಎಂದು ನಾನು ಕಥೆ ಮುಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮ್ಯಾನೇಜರ ಹೆಂಡತಿ, 'ನೀವು ದೊಡ್ಡ ಪರಿಸರವಾದಿ ಕಣ್ರೀ' ಎನ್ನುತ್ತಿದ್ದರು. ನಾನು ಬೇಡವೆನ್ನುತ್ತಿರಲಿಲ್ಲ.

ಮರ ಅಪ್ಪಿಕೊಳ್ಳುವುದನ್ನು ನಾವೇನೂ ಕಂಡುಹಿಡಿದದ್ದಲ್ಲ. ಹಿಮಾಲಯದ ಚಿಪ್ಕೋ 1973ರಲ್ಲೇ ಶುರುವಾಗಿತ್ತು. 1974ರಲ್ಲಿ ರೇಣಿ ಎಂಬ ಹಳ್ಳಿಯಲ್ಲಿ ಗೌರಾದೇವಿ ಮತ್ತು ಅವರ ಜೊತೆಗಾರ್ತಿಯರು ಗಂಡಸರಿಲ್ಲದ ಹೊತ್ತಿನಲ್ಲಿ ಕಾಡನ್ನು ಉಳಿಸಿಕೊಂಡಿದ್ದರು. ಆ ಸುದ್ದಿ ಸುಂದರಲಾಲ ಬಹುಗುಣರ ಮೂಲಕ ನಮ್ಮ ಸೀಮೆಗೂ ಬಂತು. ನಮ್ಮಲ್ಲಿ ನೆಲ ಹದವಾಗಿಯೇ ಇತ್ತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ವಿರೋಧಿಸಿ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳೂ ಅಡಕೆ ಬೆಳೆಗಾರರೂ ಒಂದೇ ಚಪ್ಪರದ ಕೆಳಗೆ ಕುಳಿತು ಲೆಕ್ಕ ಹಾಕಿದ್ದರು. ಕಾಡಿಗೂ ಬೆಲೆ ಕಟ್ಟಿದರೆ ಯೋಜನೆಯ ಲಾಭ ಎಲ್ಲಿ ಉಳಿಯುತ್ತದೆ ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ಯೋಜನೆ ಬದಿಗೆ ಸರಿಯಿತು. ಆ ಸಭೆಯಲ್ಲಿ ನೀರು ಕೊಡುವ ಹುಡುಗರಲ್ಲಿ ನಾನೂ ಒಬ್ಬ. ಭಾಷಣ ಅರ್ಥವಾಗಿರಲಿಲ್ಲ, ಆದರೆ ದೊಡ್ಡವರು ನಮ್ಮ ಗುಡ್ಡಗಳ ಹೆಸರು ಹೇಳುತ್ತಾರಲ್ಲ ಎಂದು ಎದೆ ಉಬ್ಬಿತ್ತು.

ಎರಡು ವರ್ಷ ಕಳೆದು, 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರಂಥ ತರುಣರು ಮುಂದೆ ನಿಂತಿದ್ದರು. ಕಾಗದದ ಮೇಲೆ ಎಕರೆಗೆ ಎರಡೇ ಮರ ಕಡಿಯುವುದೆಂದಿತ್ತು. ಆದರೆ ಒಂದು ದೊಡ್ಡ ಮರ ಬೀಳುವಾಗ ಅಕ್ಕಪಕ್ಕದ ಎಷ್ಟೋ ಎಳೆಯ ಮರಗಳನ್ನು ಎಳೆದುಕೊಂಡೇ ಬೀಳುತ್ತದೆ ಎನ್ನುವುದು ಕಾಗದಕ್ಕೆ ಗೊತ್ತಿರುವುದಿಲ್ಲ. ಕಾಡು ತೆಗೆದು ಸಾಗವಾನಿ ನೆಟ್ಟ ಕಡೆಯಲ್ಲಿ ಹಳ್ಳ ಬೇಗ ಬತ್ತುತ್ತದೆ ಎನ್ನುವುದನ್ನು ನಮ್ಮ ಹಿರಿಯರು ಪುಸ್ತಕ ಓದಿ ತಿಳಿದವರಲ್ಲ. ಕಾವಲು 38 ದಿನ ನಡೆಯಿತು. ಕಡಿಯುವ ಆಜ್ಞೆಯನ್ನು ಸರ್ಕಾರ ಹಿಂತೆಗೆದುಕೊಂಡಿತು. 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತುಗಳು ಗೋಡೆಗಳ ಮೇಲೆ ಬಂದವು.

ಇಷ್ಟೆಲ್ಲ ನಡೆದ ಊರಿನವನು ನಾನು. ನಮ್ಮೂರಿನಿಂದ ಸಾಲ್ಕಣಿಗೆ ಎರಡು ಗುಡ್ಡ ದಾಟಿದರೆ ಆಯಿತು.

1987ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆ ಕೋಲಾರ ಜಿಲ್ಲೆಯ ಒಂದು ಶಾಖೆಯಲ್ಲಿ ಕೃಷಿ ಸಾಲದ ಅಧಿಕಾರಿಯಾದೆ. ಅಲ್ಲಿ ಕೃಷಿ ಸಾಲ ಎಂದರೆ ಹೆಚ್ಚುಕಡಿಮೆ ಕೊಳವೆಬಾವಿಯ ಸಾಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವನು 'ಇಲ್ಲಿ' ಎಂದಲ್ಲಿ ನಾವು ಸಾಲ ಕೊಡುತ್ತಿದ್ದೆವು. ನಾನು ಹೋದ ಹೊಸತರಲ್ಲಿ 300 ಅಡಿ ಎಂದರೆ ಆಳವಾದ ಬಾವಿ. ಆಮೇಲೆ ಆ ಜಿಲ್ಲೆಯಲ್ಲಿ 1000 ಅಡಿಯನ್ನೂ ದಾಟಿ ಹೋದದ್ದನ್ನು ಕೇಳಿದ್ದೇನೆ. ಒಂದು ಹಳ್ಳಿಯಲ್ಲಿ ಮೆಟ್ಟಿಲು ಕಟ್ಟಿದ ಹಳೆಯ ತೆರೆದ ಬಾವಿಯೊಂದಿತ್ತು. ಅದರೊಳಗೆ ಊರಿನವರು ಕಸ ಸುರಿಯುತ್ತಿದ್ದರು. ಮೂರು ಕೊಳವೆಬಾವಿ ಸೋತಿದ್ದ ಒಬ್ಬ ರೈತ ಆ ಬಾವಿಯ ಕಟ್ಟೆಯ ಮೇಲೆ ಕುಳಿತು, 'ಸಾರ್, ನಿಮ್ಮ ಕಡೆ ತೋಟಕ್ಕೆ ನೀರು ಹೆಂಗೆ ಬರ್ತದೆ?' ಎಂದು ಕೇಳಿದ. 'ತಾನಾಗಿಯೇ ಬರುತ್ತದೆ. ಅಬ್ಬಿ ನೀರು' ಎಂದೆ. ಹೇಳುವಾಗ ನನ್ನ ದನಿಯಲ್ಲಿ ಜಮೀನ್ದಾರನ ಗತ್ತು ಇತ್ತೆಂದು ಈಗ ಅನ್ನಿಸುತ್ತದೆ. ಅವನ ನಾಲ್ಕನೆಯ ಬಾವಿಯ ಅರ್ಜಿಗೂ ನಾನೇ ಸಹಿ ಹಾಕಿದೆ.

ಆ ವರ್ಷವೇ, 1989ರಲ್ಲಿ, ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತಿದ್ದರು. ಎಂಬತ್ತೇಳು ವರ್ಷದ ಆ ಮುದುಕರು ಊರೂರು ತಿರುಗುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಮತ ಹಾಕಲು ಊರಿಗೆ ಹೋಗಬೇಕೆಂದುಕೊಂಡೆ. ರಜೆ ಕೇಳಲು ಸಂಕೋಚವಾಯಿತು; ಆಡಿಟ್ ಹತ್ತಿರದಲ್ಲಿತ್ತು. ಕಾರಂತರು ಸೋತರು. ನನ್ನ ಒಂದು ಮತದಿಂದ ಅವರು ಗೆಲ್ಲುತ್ತಿರಲಿಲ್ಲ, ಅದು ನನಗೂ ಗೊತ್ತು.

ಹೀಗೆ ಒಂದೊಂದೇ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ಎರಡು ಹೊಂಗೆ ಮರ ಅಡ್ಡ ಬಂದಾಗ, ತೆಗೆಸೋಣ ಎಂಬ ಕಾಗದಕ್ಕೆ ಹದಿನೆಂಟು ಮನೆಯವರು ಸಹಿ ಹಾಕಿದರು. ಅದರಲ್ಲಿ ಹನ್ನೊಂದನೆಯದು ನನ್ನದು. ಆ ವಾರವೇ ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಚಗಳಿಯ ಕಥೆ ಹೇಳಿ ನಗಿಸಿದ್ದೆ ಎಂದರೆ ನೀವು ನಂಬಬೇಕು. 2021ರ ಮೇ 21ರಂದು ಕೋವಿಡ್‌ನಿಂದ ಬಹುಗುಣರು ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂತು. ಬಿಳಿ ಗಡ್ಡ, ತಲೆಗೆ ಸುತ್ತಿದ ಬಿಳಿ ಬಟ್ಟೆ. ಹೆಂಡತಿ, 'ನಿಮ್ಮ ಅಪ್ಪಿಕೋ ಅಜ್ಜ ಹೋದರಂತೆ' ಎಂದಳು. ನಾನು, 'ಹೌದು, ಪಾಪ' ಎಂದೆ. ಆಗ ದಿನವೂ ಅಷ್ಟು ಸಾವಿನ ಸುದ್ದಿ ಕೇಳುತ್ತಿದ್ದೆವಲ್ಲ, ಅದಕ್ಕೇ ಏನೂ ಅನ್ನಿಸಲಿಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ನಿಜವಾಗಿ, ಅವರು ನನ್ನ ಕಥೆಯ ಒಂದು ಪಾತ್ರವಾಗಿ ಎಷ್ಟೋ ವರ್ಷವಾಗಿತ್ತು.

2024ರ ಫೆಬ್ರವರಿ ಕೊನೆಗೆ ನಿವೃತ್ತನಾದೆ. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿನ ಬರ. ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿ ಗಾಳಿ ಉಗುಳಿತು. ಟ್ಯಾಂಕರ್ ಬರುವ ಹೊತ್ತಿಗೆ ಗೇಟಿನ ಬಳಿ ನಿಲ್ಲುವ ಕೆಲಸ, ಹೊಸದಾಗಿ ನಿವೃತ್ತನಾದವನೆಂದು ನನ್ನ ಪಾಲಿಗೆ ಬಂತು. 'ಏಪ್ರಿಲ್ ಕಳೆಯುವವರೆಗೆ ಊರಿಗೆ ಹೋಗೋಣ, ಅಲ್ಲಿ ಅಬ್ಬಿ ನೀರಿಗೇನು ಬರ' ಎಂದು ಹೆಂಡತಿಗೆ ಹೇಳಿದೆ. ಮೊಮ್ಮಗುವನ್ನು ನೋಡಿಕೊಳ್ಳಬೇಕೆಂದು ಅವಳು ಉಳಿದಳು. ನಾನೊಬ್ಬನೇ ರಾತ್ರಿ ಬಸ್ಸು ಹತ್ತಿದೆ.

ನಮ್ಮ ಮನೆಯ ಅಬ್ಬಿಯ ಬಗ್ಗೆ ಎರಡು ಮಾತು ಹೇಳಬೇಕು. ತೋಟದ ತಲೆಯ ಮೇಲೆ, ಸೊಪ್ಪಿನ ಬೆಟ್ಟ ಶುರುವಾಗುವಲ್ಲಿ, ಎರಡು ಬಂಡೆಯ ನಡುವಿನಿಂದ ಕೈ ದಪ್ಪದ ನೀರು ಬರುತ್ತಿತ್ತು. ಅಪ್ಪನ ಕಾಲದಲ್ಲಿ ಅಡಕೆ ದಬ್ಬೆಯ ಮೇಲೆ ಹರಿದು ಬಚ್ಚಲ ಪಕ್ಕದ ಕಲ್ಲಿನ ಬಾನಿಗೆ ಬೀಳುತ್ತಿತ್ತು. ಆಮೇಲೆ ಕಪ್ಪು ಪೈಪು ಬಂತು. ಹಗಲೂ ರಾತ್ರಿಯೂ ಬೀಳುವ ಆ ನೀರಿನ ಸದ್ದು ಕಿವಿಗೆ ಎಷ್ಟು ಹೊಂದಿಕೊಂಡಿತ್ತೆಂದರೆ, ಬೆಂಗಳೂರಿಗೆ ಹೋದ ಹೊಸತರಲ್ಲಿ ನಿದ್ದೆ ಬಾರದಿದ್ದಾಗ ನಲ್ಲಿಯನ್ನು ಸಣ್ಣಗೆ ಬಿಟ್ಟು ಮಲಗಿದ್ದುಂಟು.

ಬೆಳಗಿನ ಜಾವ ಮನೆ ತಲುಪಿ ಅಂಗಳದಲ್ಲಿ ಚೀಲ ಇಟ್ಟೆ. ಏನೋ ಕಡಿಮೆಯಾಗಿದೆ ಎನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾನಿಗೆ ನೀರು ಬೀಳುತ್ತಿರಲಿಲ್ಲ. ಬಾನಿಯ ತಳದಲ್ಲಿ ಒಣಗಿದ ಪಾಚಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಚೊಂಬು.

2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಆದರೂ ನಮ್ಮ ಅಬ್ಬಿ ನಿಂತದ್ದು ಆಯಿಯ ನೆನಪಿನಲ್ಲೇ ಇರಲಿಲ್ಲ. ಆಯಿಗೆ ಎಂಬತ್ತಾರು. ಅವಳು ಮದುವೆಯಾಗಿ ಬಂದಾಗಿನಿಂದ ಸಣ್ಣದಾದದ್ದು ಉಂಟು, ನಿಂತದ್ದು ಇಲ್ಲ.

ತಮ್ಮ ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು, ಕವಳ ಹಾಕಿಕೊಂಡು, ನನ್ನ ಎದುರು ಕುಳಿತ. ಅವನು ನನಗಿಂತ ಐದು ವರ್ಷ ಚಿಕ್ಕವನು. ನಾನು ಹೊರಟ ಮೇಲೆ ತೋಟ, ಕೊಟ್ಟಿಗೆ, ಅಪ್ಪನ ಕೊನೆಯ ನಾಲ್ಕು ವರ್ಷದ ಕಾಯಿಲೆ ಎಲ್ಲವೂ ಅವನ ಹೆಗಲಿಗೆ ಬಿದ್ದದ್ದು. 'ಅಣ್ಣಾ, ಬೋರಿಗೆ ಸಾಲ ಕೊಡ್ತ ಅಲ್ದಾ, ಎಂತೆಂತ ಕಾಗ್ದ ಬೇಕು?' ಎಂದ. ಆಮೇಲೆ ಎರಡನೆಯ ಮಾತು ಬಂತು. ಬೆಟ್ಟದ ಬುಡದಲ್ಲಿ ಅರ್ಧ ಎಕರೆ ಜೆಸಿಬಿ ಹಾಕಿ ಸಮ ಮಾಡಿಸಿ ಅಡಕೆ ಹಾಕುವುದು. ಎಲೆಚುಕ್ಕಿ ರೋಗ, ಕೊಳೆ ಎಂದು ಹಳೆಯ ತೋಟದ ಫಸಲು ಇಳಿದಿದೆ. ಮಗನ ಇಂಜಿನಿಯರಿಂಗಿಗೆ ಇನ್ನೂ ಎರಡು ವರ್ಷ ಇದೆ. ಜೆಸಿಬಿಯವನಿಗೆ ಹೇಳಿಯಾಗಿತ್ತು, ಮೇ ತಿಂಗಳಲ್ಲಿ ಬರುತ್ತಾನೆ.

ಸೊಪ್ಪಿನ ಬೆಟ್ಟ ನಮ್ಮ ಜಿಲ್ಲೆಯ ಒಂದು ವಿಶೇಷ. ಬ್ರಿಟಿಷರ ಕಾಲದಿಂದಲೂ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ. ಜಾಗ ಸರ್ಕಾರದ್ದು, ಸೊಪ್ಪು ದರಕಿನ ಹಕ್ಕು ನಮ್ಮದು. ಮತ್ತಿ, ಕಿಂದಳ, ಹೊನ್ನೆ, ನಂದಿ ಮರಗಳ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಮಳೆನೀರು ಬೆಟ್ಟದಲ್ಲಿ ಇಂಗಿ ಅಬ್ಬಿಯಾಗಿ ತೋಟಕ್ಕೆ ಇಳಿಯುತ್ತದೆ. ಬೆಟ್ಟವನ್ನು ತೋಟ ಮಾಡುವುದು ಕಾನೂನಿಗೂ ವಿರುದ್ಧ. 'ಎಲ್ಲರೂ ಮಾಡಿದ್ದಾರೆ' ಎಂದ ತಮ್ಮ. ಅದೂ ಸುಳ್ಳಲ್ಲ. ಮೇಲಿನ ಮನೆಯವರ ಬೆಟ್ಟದಲ್ಲಿ ಕೆಂಪು ಮಣ್ಣಿನ ಮೆಟ್ಟಿಲುಗಳನ್ನು ನಾನೇ ಆ ಬೆಳಿಗ್ಗೆ ಕಂಡಿದ್ದೆ.

ನನಗೆ ಸಿಟ್ಟು ಬಂತು. ಬಹಳ ವರ್ಷದ ಮೇಲೆ ಬಂದ ಸಿಟ್ಟು, ಅದರಲ್ಲಿ ಒಂಥರಾ ಸಂತೋಷವೂ ಇತ್ತು. ಬೆಟ್ಟ ಎಂದರೆ ಏನೆಂದುಕೊಂಡೆ, ಕೋಲಾರ ನೋಡಿದ್ದೀಯಾ, ಕೊಳವೆಬಾವಿ ಏನು ಮಾಡುತ್ತದೆಂದು ನನ್ನನ್ನು ಕೇಳು ಎಂದು ಶುರುಮಾಡಿದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಜಾರಿದ್ದನ್ನು ನೆನಪಿಸಿದೆ. ಕೊನೆಗೆ, 'ಇಂಥ ಕಾಡಿಗಾಗಿ 38 ದಿನ ಕಳಸೆಯಲ್ಲಿ ಕೂತವನು ನಾನು' ಎಂದೆ.

ತಮ್ಮ ಏನೂ ಹೇಳಲಿಲ್ಲ. ಬಾಗಿಲ ಬಳಿ ಬತ್ತಿ ಹೊಸೆಯುತ್ತ ಕುಳಿತಿದ್ದ ಆಯಿ ತಲೆ ಎತ್ತದೆ ಹೇಳಿದಳು: 'ನೀ ಎಲ್ಲಿ ಅಷ್ಟು ದಿನ ಇದ್ದಿದ್ದೆ? ಒಂದಿನ ಹೋಗಿದ್ದೆ, ಚಗಳಿ ಕಚ್ಚಿ ಜ್ವರ ಬಂತು, ಮನೇಲಿ ಮಲಗಿದ್ದೆ. ಆಮೇಲೆ ಕಾಲೇಜು ಅಂದೆ. ದಿನಾ ಬುತ್ತಿ ಹೊತ್ತಿದ್ದು ತಮ್ಮ.'

ಓದುಗರು ನಂಬುತ್ತಾರೋ ಇಲ್ಲವೋ, ನನಗೆ ಅದು ಮರೆತೇಹೋಗಿತ್ತು. ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದು ಹೇಳಿದ್ದಲ್ಲ. ಹೇಳಿ ಹೇಳಿ, ಕಥೆಗೆ ಬೇಕಾದ ದಿನಗಳು ಒಂದೊಂದಾಗಿ ಬಂದು ಸೇರಿಕೊಂಡಿದ್ದವು. ಆಯಿ ಹೇಳಿದ ಮೇಲೆ ನೆನಪಾಯಿತು: ಹಾಸಿಗೆಯಲ್ಲಿ ನಾನು, ಊದಿದ ಕುತ್ತಿಗೆಗೆ ತೆಂಗಿನೆಣ್ಣೆ, ಕಂಬಳಿಕೊಪ್ಪೆ ಹಾಕಿಕೊಂಡ ಹದಿನಾಲ್ಕರ ತಮ್ಮ, ಅವನ ತಲೆಯ ಮೇಲೆ ಅವಲಕ್ಕಿ ಮಜ್ಜಿಗೆಯ ಬುತ್ತಿ, ಕಾಲಿನ ತುಂಬ ಇಂಬಳ ಕಚ್ಚಿದ ರಕ್ತ. ಆ ವರ್ಷ ಅವನು ಶಾಲೆಗೆ ಎಷ್ಟು ದಿನ ತಪ್ಪಿಸಿದನೋ, ಪರೀಕ್ಷೆಯಲ್ಲಿ ನಪಾಸಾದ. ಅವನ ಓದು ಅಲ್ಲಿಗೇ ನಿಂತಿತು. ಈ ಎರಡನ್ನೂ ನಾನು ಎಂದೂ ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ.

ತಮ್ಮ ಎದ್ದು ಕವಳ ಉಗಿದು ಬಂದ. 'ನೀ ಮರ ಅಪ್ಕಂಡು ಬೆಂಗ್ಳೂರಿಗೆ ಹೋದೆ, ಆನು ಇಲ್ಲೇ ಸೊಪ್ಪು ಹೊತ್ತಿ' ಎಂದಷ್ಟೇ ಹೇಳಿ ಒಳಗೆ ಹೋದ. ಅವನ ಹೆಂಡತಿ ಊಟಕ್ಕೆ ಬಾಳೆ ಹಾಕಿದಳು. ತಂಬುಳಿ ಬಡಿಸುತ್ತ, 'ಭಾವಾ, ಬೋರೂ ಬೇಡ, ಬೆಟ್ಟವೂ ಬೇಡ ಅಂದ್ರೆ ನಾಳೆ ದನಕ್ಕೆ ನೀರು ಎಲ್ಲಿಂದ ತರದು?' ಎಂದು ಮೆಲ್ಲಗೆ ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ಅವಳಿಗೆ ಬೇಕಾದದ್ದು ಉತ್ತರ. ನನ್ನ ಬಳಿ ಇರಲಿಲ್ಲ.

ಮರುದಿನ ಬೆಟ್ಟ ಹತ್ತಿದೆ. ಎಷ್ಟೋ ವರ್ಷದಿಂದ ಹಬ್ಬಕ್ಕೆ ಬಂದು ಅಂಗಳದಿಂದಲೇ ಹೊರಡುತ್ತಿದ್ದೆ. ಮರಗಳೇನೋ ಇದ್ದವು. ಆದರೆ ಸೊಪ್ಪು ಸವರಿ ಸವರಿ ಮತ್ತಿಮರಗಳು ತುದಿಯಲ್ಲಿ ಒಂದು ಜುಟ್ಟು ಬಿಟ್ಟುಕೊಂಡ ಕಂಬಗಳಂತಿದ್ದವು. ದರಕು ಗುಡಿಸಿ ಗುಡಿಸಿ ನೆಲ ನಮ್ಮ ಅಂಗಳದಷ್ಟೇ ಗಟ್ಟಿ. ಒಂದು ಎಳೆಯ ಗಿಡ ಇಲ್ಲ. ಹಿಂದೆ ಆಳುಗಳು ಸಿಗುತ್ತಿದ್ದಾಗ ಒಂದು ವರ್ಷ ಈ ಕಡೆ, ಒಂದು ವರ್ಷ ಆ ಕಡೆ ಎಂದು ಸರದಿಯಲ್ಲಿ ಸೊಪ್ಪು ತೆಗೆಯುತ್ತಿದ್ದರು. ಒಬ್ಬನೇ ಆದ ಮೇಲೆ ತಮ್ಮ ಮನೆಗೆ ಹತ್ತಿರದ ಎರಡು ಎಕರೆಯನ್ನೇ ಬೋಳಿಸುತ್ತ ಬಂದಿದ್ದ. ಅದೇ ಅಬ್ಬಿಯ ತಲೆಯ ಮೇಲಿನ ಜಾಗ. ತಪ್ಪು ಯಾರದೆಂದು ಬೆರಳು ತೋರಿಸುವಂತಿರಲಿಲ್ಲ. ಆ ಸೊಪ್ಪಿನಿಂದ ಬಂದ ಅಡಕೆಯ ನನ್ನ ಪಾಲನ್ನು ವರ್ಷವರ್ಷವೂ ತಪ್ಪದೆ ತೆಗೆದುಕೊಂಡಿದ್ದೆನಲ್ಲ. ದೂರದ ಬೆಟ್ಟದಲ್ಲಿ ಇನ್ನೂ ದರಕು ಮೊಣಕಾಲು ಮುಚ್ಚುವಷ್ಟಿತ್ತು. ಕೈ ಹಾಕಿದರೆ ಏಪ್ರಿಲಿನ ಬಿಸಿಲಿನಲ್ಲೂ ಅಡಿಯಲ್ಲಿ ತಂಪು. ಅಲ್ಲಿ ಕುಳಿತು ಬಹಳ ಹೊತ್ತು ಆ ಮಣ್ಣನ್ನು ಮೂಸಿ ನೋಡಿದೆ. ಅದು ಕಳಸೆಯ ವಾಸನೆಯೇ. ಹೋದದ್ದು ಒಂದು ದಿನವಾದರೂ ಆ ವಾಸನೆ ಸುಳ್ಳಾಗಿರಲಿಲ್ಲ.

ಸಂಜೆ ತಮ್ಮನೊಡನೆ ವ್ಯಾಪಾರಕ್ಕೆ ಕುಳಿತೆ. ವ್ಯಾಪಾರ ಎಂದೇ ಹೇಳಬೇಕು, ಉಪದೇಶ ಮಾಡುವ ಅಧಿಕಾರ ಹಿಂದಿನ ರಾತ್ರಿಯೇ ಹೋಗಿತ್ತು. ಎರಡು ವರ್ಷ ಬೋರೂ ಇಲ್ಲ, ಜೆಸಿಬಿಯೂ ಇಲ್ಲ. ಅದಕ್ಕೆ ಪ್ರತಿಯಾಗಿ ಹುಡುಗನ ಎರಡು ವರ್ಷದ ಫೀಸು ನನ್ನದು. ಈ ಬೇಸಿಗೆ ಟ್ಯಾಂಕರ್ ನೀರು ತರಿಸುವ ಖರ್ಚು ನನ್ನದು. ಅಡಕೆಯ ಪಾಲು ನನಗೆ ಬೇಡ. ಅಬ್ಬಿಯ ಮೇಲಿನ ಎರಡು ಎಕರೆಗೆ ಕತ್ತಿ, ಕಸಬರಿಗೆ ತಾಗಿಸಬಾರದು. ತಮ್ಮ ಎಲ್ಲ ಕೇಳಿ ಒಂದು ಷರತ್ತು ಹಾಕಿದ: 'ಹಾಂಗಾದ್ರೆ ದೂರದ ಬೆಟ್ಟದ ದರಕು ಹೊರದು ನೀನೇ.' ಒಪ್ಪಿದೆ. ಬೆಂಗಳೂರಿಗೆ ಫೋನು ಮಾಡಿ, ಬರುವುದು ತಡವಾಗುತ್ತದೆ ಎಂದೆ. 'ಎಷ್ಟು?' ಎಂದಳು. 'ಎರಡು ವರ್ಷ' ಎಂದೆ. ಆ ಕಡೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಈಗ ಅವಳು ತಿಂಗಳಲ್ಲಿ ಹತ್ತು ದಿನ ಇಲ್ಲಿರುತ್ತಾಳೆ, ನಾನು ಐದು ದಿನ ಅಲ್ಲಿರುತ್ತೇನೆ.

ಅರವತ್ತರಲ್ಲಿ ಗುದ್ದಲಿ ಹಿಡಿಯುವುದು ಸುಲಭದ ಮಾತಲ್ಲ. ಮೇ ತಿಂಗಳಿಡೀ ಬೆಟ್ಟದ ಇಳಿಜಾರಿಗೆ ಅಡ್ಡವಾಗಿ ಇಂಗುಗುಂಡಿ ತೋಡಿದೆವು. ತೋಡಿದೆವು ಎಂದರೆ, ಇಬ್ಬರು ಆಳುಗಳು ತೋಡಿದರು, ನಾನು ಬೊಬ್ಬೆ ಬಂದ ಕೈ ಊದಿಕೊಳ್ಳುತ್ತ ಮಣ್ಣು ಎಳೆದೆ. ಇಳಿಜಾರು ತೀರ ಕಡಿದಾದಲ್ಲಿ ಗುಂಡಿ ಬೇಡ, ನೀರು ತುಂಬಿ ಗುಡ್ಡವೇ ಜಾರೀತು ಎಂದು ತಮ್ಮ ದೂರದಿಂದಲೇ ಕೂಗಿ ಹೇಳಿದ. ಅದನ್ನು ನಾನು ಯೋಚಿಸಿರಲೇ ಇಲ್ಲ. ಅಲ್ಲಿ ಗುಂಡಿ ಬಿಟ್ಟು ಮುರುಗಲು, ಉಪ್ಪಾಗೆ, ನೇರಲ ಬೀಜ ಹಾಕಿದೆವು.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಯಾಟರಿ ಹಿಡಿದು, ಅಪ್ಪನ ಹಳೆಯ ಕೊಪ್ಪೆ ಹಾಕಿಕೊಂಡು ಬೆಟ್ಟಕ್ಕೆ ಹೋದೆ. ಗುಂಡಿಗಳು ಒಂದೊಂದಾಗಿ ತುಂಬುತ್ತಿದ್ದವು. ಒಂದು ತುಂಬಿ ಇನ್ನೊಂದಕ್ಕೆ ಹೋಗುವ ನೀರು ಕೆಂಪಗಿರಲಿಲ್ಲ, ದರಕಿನ ಕಷಾಯದಂತೆ ಕಂದು ಬಣ್ಣದ್ದು. ಮಳೆಯಲ್ಲಿ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ. ನಗುವುದಕ್ಕೆ ಅಲ್ಲಿ ಯಾವ ಹಾಸ್ಯವೂ ಇರಲಿಲ್ಲ. ಎಷ್ಟೋ ಕಾಲದ ಹಿಂದೆ ಯಾರಿಗೋ ಕೊಟ್ಟು ಮರೆತಿದ್ದ ವಸ್ತು ಕೈಗೆ ಸಿಕ್ಕಂತಾಗಿತ್ತು. ಕೆಳಗೆ ಅಬ್ಬಿ ಆಗಲೇ ಶುರುವಾಗಿತ್ತು.

ಆ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ರಸ್ತೆಯ ಬದಿಯ ಚಹದ ಅಂಗಡಿ, ಅದರಲ್ಲಿದ್ದ ಜನ, ಎಲ್ಲ ಹೋದರು. ನದಿಯೊಳಗೆ ಹೂತಿದ್ದ ಲಾರಿಯೊಂದನ್ನು ಎತ್ತಿದ್ದು ಸೆಪ್ಟೆಂಬರಿನಲ್ಲಿ. ಗಂಗಾವಳಿ ಎಂದರೆ ನಮ್ಮ ಬೇಡ್ತಿಯೇ. ಕೆಳಗೆ ಹೋದಂತೆ ಹೆಸರು ಬೇರೆ. ಟೀವಿಯಲ್ಲಿ ಆ ಕೆಂಪು ಗಾಯವನ್ನು ತೋರಿಸುವಾಗ ತಮ್ಮ ಒಮ್ಮೆ ನನ್ನ ಮುಖ ನೋಡಿದ. ಜೆಸಿಬಿಯ ಮಾತು ಇಬ್ಬರೂ ಎತ್ತಲಿಲ್ಲ.

ಬೇಡ್ತಿ ಈಗ ಮತ್ತೆ ಸುದ್ದಿಯಲ್ಲಿದೆ. ಅದರ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ವಿರುದ್ಧ ನಮ್ಮ ಸೀಮೆಯಲ್ಲಿ ಸಭೆಗಳು ನಡೆಯುತ್ತವೆ. ನಾನೂ ಒಂದೆರಡಕ್ಕೆ ಹೋಗಿದ್ದೇನೆ. ಒಮ್ಮೆ ಯಾರೋ, 'ನೀವು ಅಪ್ಪಿಕೋದಲ್ಲಿ ಇದ್ದವರಂತೆ, ಎರಡು ಮಾತು ಹೇಳಿ' ಎಂದರು. 'ನಾನಲ್ಲ, ನನ್ನ ತಮ್ಮ' ಎಂದೆ. ಅವನು ಸಭೆಗೆ ಬಂದಿರಲಿಲ್ಲ. ಅವನಿಗೆ ಸಭೆ ಎಂದರೆ ಆಗುವುದಿಲ್ಲ, ಕೊನೆಗೌಡ ಬರುವ ದಿನವಂತೂ ಇಂದ್ರನ ಸಭೆಗೂ ಬರುವವನಲ್ಲ.

2025ರ ಮಾರ್ಚಿನ ಒಂದು ಮಧ್ಯಾಹ್ನ ಮೇಲಿನ ಗುಡ್ಡದಲ್ಲಿ ಹೊಗೆ ಕಂಡಿತು. ಯಾರೋ ಒಣ ಕರಡಕ್ಕೆ ಬೆಂಕಿ ಇಟ್ಟಿದ್ದರು ಅಥವಾ ಬೀಡಿ ಎಸೆದಿದ್ದರು. ನಾವು ಗುಡಿಸದೆ ಬಿಟ್ಟಿದ್ದ ಎರಡು ಎಕರೆಯಲ್ಲಿ ಒಣ ದರಕು ಹಾಸಿಗೆಯಂತೆ ಬಿದ್ದಿತ್ತು. ಬಿಟ್ಟದ್ದೇ ಅದಕ್ಕೆ ಸೌದೆಯಾಯಿತಲ್ಲ ಎಂದು ನನ್ನ ಕೈಕಾಲು ಆಡಲಿಲ್ಲ. ತಮ್ಮ ಅಡಕೆ ಹರಡುತ್ತಿದ್ದವನು ಅಲ್ಲಿಂದಲೇ ಓಡಿದ. ನಾನು ತಲುಪುವ ಹೊತ್ತಿಗೆ ಹಸಿ ಸೊಪ್ಪಿನ ಟೊಂಗೆ ಮುರಿದು ಬೆಂಕಿಯ ಅಂಚನ್ನು ಬಡಿಯುತ್ತಿದ್ದ. ನನಗೂ ಒಂದು ಟೊಂಗೆ ಎಸೆದ. ಅಂಚಿನಲ್ಲಿ ನಿಂತು, ಗಾಳಿಗೆ ಬೆನ್ನು ಕೊಟ್ಟು, ಎತ್ತಿ ಹೊಡೆಯದೆ ಒತ್ತಿ ಆರಿಸಬೇಕು. ಅದನ್ನೂ ಅವನೇ ಹೇಳಿಕೊಟ್ಟ. ಸುತ್ತಲಿನ ನಾಲ್ಕು ಮನೆಯವರು ಬಂದರು. ಜೆಸಿಬಿ ಹಾಕಿಸಿದ್ದ ಮೇಲಿನ ಮನೆಯ ಯಜಮಾನನೂ ಬಂದು ನಮ್ಮ ಜೊತೆ ಬಡಿದ. ಕತ್ತಲಾಗುವ ಹೊತ್ತಿಗೆ ಬೆಂಕಿ ನಿಂತಿತು. ಕಾಲು ಎಕರೆಯಷ್ಟು ಹೋಗಿತ್ತು. ತಮ್ಮ ಒಂದು ಕಲ್ಲಿನ ಮೇಲೆ ಕುಳಿತು ಸುಟ್ಟ ನೇರಲ ಸಸಿಯ ಬುಡ ಕೆದಕಿ ನೋಡಿದ. 'ಬೇರು ಇದ್ದು, ಚಿಗುರ್ತು' ಎಂದ. ಅವನ ಹುಬ್ಬು ಸುಟ್ಟಿತ್ತು. ಮನೆಗೆ ಬಂದ ಮೇಲೆ ಮೊದಲ ಬಾರಿಗೆ ನಾನು ಅವನನ್ನು ಕೇಳಿದೆ, ಕಳಸೆಯಲ್ಲಿ ಆ ದಿನಗಳಲ್ಲಿ ಏನೇನಾಯಿತು ಎಂದು. ರಾತ್ರಿ ಹನ್ನೊಂದರವರೆಗೂ ಹೇಳಿದ. ಅವನ ಕಥೆಯಲ್ಲಿ ಚಗಳಿ ಬರುವುದೇ ಇಲ್ಲ. ಮಳೆ ಬರುತ್ತದೆ, ಉಪ್ಪು ಕಡಿಮೆಯಾದ ಮಜ್ಜಿಗೆ ಬರುತ್ತದೆ, ಕೊಡಲಿಯ ಕೂಲಿಯವರಿಗೂ ಬುತ್ತಿಯಲ್ಲಿ ಪಾಲು ಕೊಟ್ಟದ್ದಕ್ಕೆ ಯಾರೋ ಬೈದದ್ದು ಬರುತ್ತದೆ.

ಕಳೆದ ವರ್ಷ ಅಬ್ಬಿ ಏಪ್ರಿಲ್ ಮೊದಲ ವಾರದವರೆಗೆ ನಡೆಯಿತು. ನಾನು ಸ್ವಲ್ಪ ಬೀಗಿದೆ. 'ಅದು ನಿನ್ನ ಗುಂಡಿಯಿಂದ ಅಲ್ಲ, ಹೋದ ವರ್ಷ ಮಳೆ ಚೊಲೊ ಆಗಿತ್ತು' ಎಂದ ತಮ್ಮ. ಅವನು ಹೇಳುವುದು ಸರಿಯಿರಬಹುದು. 2024ರ ಮಳೆ ನಿಜಕ್ಕೂ ಚೆನ್ನಾಗಿತ್ತು. ಒಂದು ವರ್ಷದ ಗುಂಡಿಗೆ ಅಷ್ಟು ಬೇಗ ಬಿರುದು ಕೊಡಬಾರದು. 2025ರಲ್ಲಂತೂ ಮೇ ತಿಂಗಳಲ್ಲೇ ಮಳೆ ಹಿಡಿದು ಬಾನಿ ಮತ್ತೆ ತುಂಬಿತು.

ಒಪ್ಪಂದದ ಎರಡು ವರ್ಷ ಇನ್ನೇನು ಮುಗಿಯುತ್ತದೆ. ಮುಂದೇನೆಂದು ತಮ್ಮ ಹೇಳಿಲ್ಲ, ನಾನು ಕೇಳಿಲ್ಲ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಅವನು ಹಾಲಿನ ಲೆಕ್ಕ, ಆಳಿನ ಲೆಕ್ಕ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ ಬರೆದಿಡುತ್ತಾನೆ. ಮೊನ್ನೆ ಹಳೆಯ ಕ್ಯಾಲೆಂಡರನ್ನು ಬಿಸಾಡಲು ತೆಗೆದಾಗ ಏಪ್ರಿಲಿನ ಹಾಳೆ ಕಣ್ಣಿಗೆ ಬಿತ್ತು. ಒಂದು ಮನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಅಬ್ಬಿ ನಿಂತ್ತು' ಎಂದು ಬರೆದಿದ್ದ. ಅದರ ಹಿಂದಿನ ಎಂಟು ದಿನಗಳ ಮನೆಯಲ್ಲಿ, ಪ್ರತಿದಿನವೂ, ಒಂದು ಚೊಂಬು ತುಂಬಲು ಎಷ್ಟು ಹೊತ್ತು ಬೇಕಾಯಿತೆಂದು ಎಣಿಸಿ ಬರೆದಿಟ್ಟಿದ್ದ. ನಾನು ಆ ಹಾಳೆಯನ್ನು ಬಿಸಾಡದೆ ಹೊಸ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಇವತ್ತು ಬೆಳಿಗ್ಗೆ ನೋಡಿದರೆ, ಅವನು ಅದನ್ನು ತೆಗೆದು ಮುಂದೆ ಹಾಕಿದ್ದಾನೆ.